ಬೆರಳು ನೋಡಿ ಓದಿದ್ದು

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಿಪ್ಪೇರುದ್ರಮ್ಮನ ಟೈಪಿಂಗ್ ಅಂಗಡಿ. ಮುಂಜಾನೆ ಶಟರ್ ಎತ್ತಿ, ಕಸ ಗುಡಿಸಿ, ಹೊಸ್ತಿಲಿಗೆ ನೀರು ಚಿಮುಕಿಸಿ, ಕೊಟ್ಟೂರೇಶ್ವರನ ಫೋಟೋಕ್ಕೆ ಊದಿನಕಡ್ಡಿ ಹಚ್ಚಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಮೊದಲು ‘ಶ್ರೀ’ ಎಂದು ಬಡಿಯುವುದು ಆಕೆಯ ರೂಢಿ. ಅದು ಟೈಪ್‌ರೈಟರಿನ ಕಾಲದಿಂದ ಬಂದದ್ದು. ಆಗ ಹಾಳೆಯ ನೆತ್ತಿಗೆ ಶ್ರೀ ಬೀಳದೆ ಯಾವ ಅರ್ಜಿಯೂ ಶುರುವಾಗುತ್ತಿರಲಿಲ್ಲ.

ಕಂಪ್ಯೂಟರು ಹೊಸ ವ್ಯವಸ್ಥೆ ಹಾಕಿಸಿಕೊಂಡು ಬಂದ ಮರುದಿನ ಹಾಗೆ ಬಡಿದರೆ ಶ್ರೀ ಬರಲಿಲ್ಲ. ಮೊದಲೊಂದು ‘ಏ’ ಬಂತು. ಅದರ ಹಿಂದೆ ಯಾವ ಅಕ್ಷರಕ್ಕೂ ಅಂಟದ ಎರಡು ಗುಡಿಸು. ಕೊನೆಗೆ ಒಂದು ‘ಘ’. ಆಕೆ ಅದನ್ನು ಅಳಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡು, ಮತ್ತೆ ಬಡಿದಳು. ಮತ್ತೆ ಅದೇ ಬಂತು.

ಅದನ್ನು ಹಾಕಿಕೊಟ್ಟ ಭೀಮೇಶ ಹೇಳಿಹೋದ ಮಾತು ಆಕೆಗೆ ನೆನಪಿತ್ತು. “ಎಲ್ಲಾ ಮೊದಲಿನಂಗ ಐತಿ ಟೀಚರ್. ಸ್ವಲ್ಪ ರೂಢಿ ಆಗಬೇಕಷ್ಟ” ಅಂದಿದ್ದ. ಆ ಸ್ವಲ್ಪ ಅಂದರೆ ಇದೇ ಇರಬೇಕು ಎಂದುಕೊಂಡಳು.

ಹಳೆಯ ವ್ಯವಸ್ಥೆ ತೆಗೆಸಲೇಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಂಪ್ಯೂಟರ್ ಮಾರಿದವನು ಅದರಲ್ಲಿ ಕಳ್ಳ ಪ್ರತಿ ತುಂಬಿ ಕೊಟ್ಟಿದ್ದ. ದಿನಕ್ಕೆ ಹತ್ತಾರು ಜನ ಪೆನ್‌ಡ್ರೈವ್ ತಂದು ಚುಚ್ಚುತ್ತಿದ್ದರು. ಯಾರ ಜೇಬಿನಿಂದ ಯಾವ ವೈರಸ್ ಬಂತೋ, ಕಂಪ್ಯೂಟರು ಚಾಲೂ ಆಗುವಷ್ಟರಲ್ಲಿ ಚಹಾ ಕುಡಿದು ಬರಬಹುದಾಗಿತ್ತು. ಕೊನೆಕೊನೆಗೆ ಟೈಪು ಮಾಡಿದ್ದನ್ನು ಉಳಿಸುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ರಿಪೇರಿಯವರು ಇದಕ್ಕೆ ಹೊಸ ವಿಂಡೋಸ್ ಹಿಡಿಸುವುದಿಲ್ಲ, ಪೆಟ್ಟಿಗೆಯನ್ನೇ ಬದಲಿಸಬೇಕು ಅಂದರು. ಆಗ ಭೀಮೇಶ ಬಂದು, “ಪೆಟ್ಟಿಗಿ ಗಟ್ಟಿ ಐತ್ರಿ. ಲಿನಕ್ಸ್ ಹಾಕಿಕೊಡ್ತೀನಿ. ಅದು ಎಲ್ಲರದ್ದೂ, ಯಾರನ್ನೂ ಕೇಳಬೇಕಾಗಿಲ್ಲ, ಕಳ್ಳ ಪ್ರತಿ ಅನ್ನೋ ಮಾತೇ ಇಲ್ಲ” ಎಂದು ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಿದ್ದ. ಅಲ್ಲಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ಅವನ ಕೈಯಲ್ಲಿತ್ತು.

ಭೀಮೇಶ ಹಮಾಲಿ ಗಾಳೆಪ್ಪನ ಮಗ. ಹತ್ತನೇ ತರಗತಿ ಮುಗಿಸಿ ಇದೇ ಅಂಗಡಿಯಲ್ಲಿ ಟೈಪಿಂಗ್ ಕಲಿತವನು. ಆಗ ಇಲ್ಲಿ ಸಾಲಾಗಿ ಟೈಪ್‌ರೈಟರುಗಳಿದ್ದವು. ತಿಪ್ಪೇರುದ್ರಮ್ಮ ಕೈಯಲ್ಲಿ ಮರದ ಸ್ಕೇಲು ಹಿಡಿದು ಹಿಂದೆ ಓಡಾಡುತ್ತಿದ್ದಳು. ಕೀಲಿ ನೋಡಿ ಬಡಿದವರ ಬೆರಳಿಗೆ ಸ್ಕೇಲು ಬೀಳುತ್ತಿತ್ತು. “ಬೆರಳಿಗೆ ಕಣ್ಣು ಬರೋತನಕ ನಿಮ್ಮ ಕಣ್ಣು ಮ್ಯಾಲಿರಲಿ” ಅನ್ನುತ್ತಿದ್ದಳು. ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದಾಗ ಆಕೆಯೇ ಮೊದಲು ಕುಳಿತು ಹೊಸ ಕೀಲಿಗಳನ್ನು ಕಲಿತಳು. ಭೀಮೇಶನ ತಂಡಕ್ಕೆ ಅದನ್ನೂ ಕಲಿಸಿದಳು. ಅವನು ನೌಕರಿ ಹಿಡಿದು ಎಷ್ಟೋ ವರ್ಷವಾದರೂ ಈ ಅಂಗಡಿಯೊಳಗೆ ಬಂದರೆ ಚಪ್ಪಲಿ ಹೊರಗೆ ಬಿಡುತ್ತಾನೆ. ಆಕೆ ಕೂರುವ ಕುರ್ಚಿಯಲ್ಲಿ ಇವತ್ತಿನವರೆಗೆ ಕೂತವನಲ್ಲ.

ಕಂಪ್ಯೂಟರು ತಂದುಕೊಟ್ಟ ದಿನವೂ ಹಾಗೆಯೇ. ನಿಂತುಕೊಂಡೇ ವೈರುಗಳನ್ನು ಚುಚ್ಚಿ, ನಿಂತುಕೊಂಡೇ ಮೌಸ್ ಆಡಿಸಿ ಇದು ಇಲ್ಲೈತಿ, ಅದು ಅಲ್ಲೈತಿ ಎಂದು ತೋರಿಸಿ, ಒಂದು ಕಪ್ ಚಹಾ ಕುಡಿದು ಹೊರಟಿದ್ದ. ದುಡ್ಡಿನ ಮಾತು ತೆಗೆದರೆ ಕೈ ಮುಗಿದಿದ್ದ.

ಎರಡು ದಿನ ಬಿಟ್ಟು ಅವನೇ ಫೋನು ಮಾಡಿದ. “ಹೆಂಗೈತ್ರಿ ಟೀಚರ್?”

“ಚಲೋ ಐತಪ್ಪ. ಭಾಳ ಫಾಸ್ಟ್ ಆಗೇತಿ.”

ಅದು ಸುಳ್ಳಲ್ಲ. ಗುಂಡಿ ಒತ್ತಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚಾಲೂ ಆಗುತ್ತಿತ್ತು. ಆದರೆ ಆಮೇಲೆ ಆಕೆ ಕೀಲಿಮಣೆಯ ಮೇಲೆ ಬಗ್ಗಿ ಒಂದೊಂದೇ ಅಕ್ಷರ ಹುಡುಕುತ್ತ ಕೂರುತ್ತಿದ್ದಳು ಎಂಬುದನ್ನು ಹೇಳಲಿಲ್ಲ. ಪಾಪ, ಹುಡುಗ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಹೊತ್ತುಕೊಂಡು ಬಂದು ಮಾಡಿಕೊಟ್ಟಿದ್ದಾನೆ. ಅವನ ಮುಂದೆ ನನಗೆ ಬರುತ್ತಿಲ್ಲ ಎಂದು ಹೇಗೆ ಹೇಳುವುದು? ಅದಲ್ಲದೆ ಹೋದ ಮಳೆಗಾಲ ಚಿಕನ್‌ಗುನ್ಯಾ ಬಂದು ಬೆರಳ ಗೆಣ್ಣುಗಳು ಇನ್ನೂ ಮುಂಜಾನೆ ಬಿಗಿಯುತ್ತಿದ್ದವು. ತಪ್ಪು ಪೆಟ್ಟಿಗೆಯದೋ ತನ್ನ ಕೈಯದೋ ಎಂಬುದೇ ಆಕೆಗೆ ದಿನಕಳೆದಂತೆ ಮಸುಕಾಗತೊಡಗಿತು. ಕ ಮಾತ್ರ ಇದ್ದಲ್ಲೇ ಇತ್ತು. ಉಳಿದ ಅಕ್ಷರಗಳೆಲ್ಲ ಮನೆ ಬದಲಿಸಿಬಿಟ್ಟಿದ್ದವು.

ಅರ್ಜಿ ಬರೆಸಲು ಬಂದವರಿಗೆ ಆಕೆ ಪೆನ್ನಿನಲ್ಲಿ ಬರೆದುಕೊಡತೊಡಗಿದಳು. ಟೈಪೇ ಆಗಬೇಕು ಅಂದವರನ್ನು ಕೂರಿಸಿ, ಬರೆದದ್ದನ್ನು ಹಿಡಿದುಕೊಂಡು ಪಕ್ಕದ ಫ್ಲೆಕ್ಸ್ ಅಂಗಡಿಗೆ ಹೋಗುತ್ತಿದ್ದಳು. ಅದನ್ನು ನಡೆಸುವವಳು ಪುಷ್ಪಲತಾ. ಮೂವತ್ತರ ಆಸುಪಾಸಿನ, ಬಾಯಿ ಬಿಚ್ಚಿ ಮಾತಾಡುವ ಹೆಂಗಸು.

“ಏನಕ್ಕಾ, ಊರಿಗೆಲ್ಲ ಟೈಪಿಂಗ್ ಕಲಿಸಿದಾಕಿ ನನ್ನ ಅಂಗಡಿಗೆ ಅಡ್ಮಿಶನ್ನಿಗೆ ಬಂದಂಗೈತಿ.”

“ಹುಂ, ಫೀಸ್ ಎಷ್ಟಂತಿ ಹೇಳು.”

“ಒಂದು ಗಿಣ್ಣದ ಹಾಲು ತಂದುಕೊಡ್ರಿ, ಫ್ರೀ” ಎಂದು ಪುಷ್ಪಲತಾ ನಗುತ್ತ ಬಡಿದುಕೊಟ್ಟಳು. ಆಕೆಯ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ತಿಪ್ಪೇರುದ್ರಮ್ಮ ಹಾಳೆ ತೆಗೆದುಕೊಂಡು ಹೊರಬರುವಾಗ ಓಣಿಯಲ್ಲಿ ಯಾರಾದರೂ ನೋಡುತ್ತಿದ್ದಾರೇನೋ ಎಂದು ಅತ್ತಿತ್ತ ನೋಡಿದಳು.

ಹೀಗಿರುವಾಗ ದೊಡ್ಡಬೀರಪ್ಪ ಬಂದ. ಗುಡೇಕೋಟೆ ಕಡೆಯವನು, ಕುರಿ ಸಾಕಿದವನು, ಹೆಗಲ ಮೇಲೆ ಕಂಬಳಿ ಇಲ್ಲದಿದ್ದರೆ ಗುರುತೇ ಸಿಗದ ಮನುಷ್ಯ. ಬೆಂಚಿನ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದ.

“ತಂಗೀ, ಸಣ್ಣಾಕೀದು ಮದುವಿ. ಅರಸೀಕೆರಿಗೆ ಕೊಟ್ಟೀವಿ. ಪತ್ರಿಕಿ ಆಗಬೇಕು.”

“ಆಗಲಿ ಬೀರಣ್ಣ. ಮ್ಯಾಟರ್ ತಂದೀಯೇನು?”

“ಮ್ಯಾಟರ್ ಯಾತರದು? ದೊಡ್ಡಾಕೀದು ನೀನ ಮಾಡಿಲ್ಲೇನು? ಅದರಂಗ ಮಾಡು. ಹುಡುಗಿ ಹೆಸರು, ಹುಡುಗನ ಹೆಸರು, ತಾರೀಕು ಬದಲಿಸು. ಉಳಕಿದ್ದು ಒಂದು ಅಕ್ಷರ ಅತ್ತಿತ್ತ ಆಗಬಾರದು ನೋಡು ಮತ್ತ.”

ಈ ಭಾಗದ ಜನ ಹೀಗೇ. ಒಂದು ಮದುವೆಯ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು, ಯಾರದು ಆಮೇಲೆ, ಯಾವ ದೇವರ ಪ್ರಸನ್ನ ಎಡಕ್ಕೆ, ಯಾವುದು ಬಲಕ್ಕೆ ಎಂಬುದು ಮನೆಯಲ್ಲಿ ಜಗಳವಾಗಿ, ಹಿರಿಯರು ಕೂತು, ಒಂದು ನೆಲೆಗೆ ಬಂದಿರುತ್ತದೆ. ಒಮ್ಮೆ ಅಚ್ಚಾದ ಮೇಲೆ ಅದೇ ಕಟ್ಟಳೆ. ಮುಂದಿನ ಮದುವೆಗೆ ಯಾರೂ ಬರೆದುಕೊಂಡು ಬರುವುದಿಲ್ಲ. ಅದರಂಗ ಮಾಡು ಎನ್ನುತ್ತಾರೆ. ದೊಡ್ಡಬೀರಪ್ಪನ ಮನೆಯಲ್ಲಂತೂ ದೊಡ್ಡ ಮಗಳ ಪತ್ರಿಕೆಗೆ ಬೀರಲಿಂಗೇಶ್ವರ ನಡುವೆ ಇರಬೇಕೋ ಮೈಲಾರಲಿಂಗೇಶ್ವರ ಇರಬೇಕೋ ಎಂದು ಅಣ್ಣತಮ್ಮಂದಿರು ಇದೇ ಬೆಂಚಿನ ಮೇಲೆ ಅರ್ಧ ದಿನ ಕೂಗಾಡಿದ್ದು ತಿಪ್ಪೇರುದ್ರಮ್ಮನಿಗೆ ನೆನಪಿತ್ತು. ಕೊನೆಗೆ ಯಾವುದು ನಡುವೆ ಬಂತೆಂಬುದು ಮಾತ್ರ ನೆನಪಿರಲಿಲ್ಲ.

“ಹಳೇ ಪತ್ರಿಕಿ ಒಂದು ಮನ್ಯಾಗಿಲ್ಲೇನು ಬೀರಣ್ಣ?”

“ಇತ್ತು. ಜಗಲಿ ಮ್ಯಾಲೆ ಇಟ್ಟಿದ್ವಿ, ಅರಿಷಿಣ ಹತ್ತೇತಿ ಅಂತ ಇಲಿ ತಿಂದು ಹೋತು. ಯಾಕ, ನಿನ್ನ ಡಬ್ಬಿಯೊಳಗ ಇಲ್ಲೇನು?”

“ಐತಿ, ಐತಿ.”

“ಮತ್ತ? ಗುರುವಾರ ಬರ್ತೀನಿ. ಮನಿ ಹಿರೇರ್ನೂ ಕರಕೊಂಡು ಬರ್ತೀನಿ. ಓದಿಸಿ ನೋಡಿ ಪ್ರೆಸ್ಸಿಗೆ ಕೊಡೋಣು.”

ಅವನು ಹೋದ ಮೇಲೆ ಆಕೆ ಹಳೆಯ ಕಡತ ಹುಡುಕಿ ತೆರೆದಳು. ಭೀಮೇಶ ಹಳೆಯದನ್ನೆಲ್ಲ ಜೋಪಾನವಾಗಿ ಒಂದು ಕಡೆ ಇಟ್ಟಿದ್ದ, ಕಡತ ಸಿಕ್ಕಿತು. ಆದರೆ ಅದರೊಳಗೆ ಒಂದೂ ಕನ್ನಡ ಅಕ್ಷರವಿರಲಿಲ್ಲ. ಪುಟದ ತುಂಬ ತಲೆಯ ಮೇಲೆ ಗೆರೆ, ಚುಕ್ಕಿ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಇನ್ನೊಂದು ತೆರೆದಳು, ಮತ್ತೊಂದು ತೆರೆದಳು. ಎಲ್ಲ ಹಾಗೆಯೇ. ಸುತ್ತಿನ ಹಳ್ಳಿಗಳ ಅದೆಷ್ಟೋ ಮನೆಗಳ ಮದುವೆ, ಗೃಹಪ್ರವೇಶ, ಶಿವಗಣಾರಾಧನೆ ಎಲ್ಲ ಅದರಲ್ಲಿದ್ದವು. ಆಕೆ ಮೌಸ್ ಬಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಗಂಡ ಬೆನಕಪ್ಪನಿಗೆ ಹೇಳಿದಳು. ಬೆನಕಪ್ಪ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಯಾವ ಮಾತಿಗೂ ಅವಸರದ ಉತ್ತರ ಕೊಡುವವನಲ್ಲ.

“ಬೀರಣ್ಣನ ಪತ್ರಿಕಿ ನನ್ನ ಕೈಲೆ ಆಗಲಿಲ್ಲಂದ್ರ ಅಂಗಡಿ ಬಿಟ್ಟುಬಿಡ್ತೀನ್ರಿ. ಪುಷ್ಪಲತಾ ಮೊದಲಿಂದ ಕೇಳಾಕ ಹತ್ಯಾಳ, ಗ್ವಾಡಿ ಒಡದು ಒಂದ ಮಾಡ್ಕೊಳ್ತೀನಿ ಅಂತ.”

ಬೆನಕಪ್ಪ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದಿದ. “ಬಿಟ್ಟು ಏನ್ ಮಾಡ್ತಿ?”

“ಮನ್ಯಾಗಿರ್ತೀನಿ.”

“ಮನ್ಯಾಗ ನಾನದೀನಲ್ಲ. ಇಬ್ಬರೂ ಇದ್ರ ಜಗಳಕ್ಕ ಮೂರನೇದವರು ಬೇಕಾಗ್ತಾರ.” ಆಕೆ ನಗಲಿಲ್ಲವೆಂದು ಕಂಡು ಸ್ವಲ್ಪ ತಡೆದು ಕೇಳಿದ, “ಆ ಹುಡುಗನಿಗೆ ಹೇಳಿದೇನು?”

“ಏನಂತ ಹೇಳಲಿ? ಕಲಿಸಿದಾಕಿ ನಾನು. ನನಗ ಬರವಲ್ದು ಅಂತ ಹೇಳ್ಲೇನು? ಪುಗಸಟ್ಟೆ ಮಾಡಿಕೊಟ್ಟಾನ. ಮನಸಿಗೆ ಹಚ್ಕೊಂತಾನ.”

 ಆಕೆಯ ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯಿತು.

ಬುಧವಾರ ಹರಪನಹಳ್ಳಿಯಲ್ಲಿ ಏನೋ ಕಾಲೇಜಿನ ಕೆಲಸ ಮುಗಿಸಿಕೊಂಡು ಭೀಮೇಶ ಕೊಟ್ಟೂರಿನ ಮೇಲೆ ಹೋಗುವವನಿದ್ದ. ಬೈಕು ನಿಲ್ಲಿಸಿ ಅಂಗಡಿಗೆ ಬಂದರೆ ತಿಪ್ಪೇರುದ್ರಮ್ಮ ಇರಲಿಲ್ಲ. ಕಂಪ್ಯೂಟರಿನ ಮೇಲೆ ಟವೆಲ್ಲು ಹೊದಿಸಿತ್ತು. ಮೇಜಿನ ಮೇಲೆ ಪೆನ್ನಿನಲ್ಲಿ ಬರೆದ ಅರ್ಜಿಗಳು, ಅವುಗಳ ಮೇಲೆ ಒಂದು ಕಲ್ಲು. ಬೆಂಚಿನ ಮೇಲೆ ಯಾರೋ ಹೆಣ್ಣುಮಗಳು ಕಾಯುತ್ತ ಕೂತಿದ್ದಳು.

“ಟೀಚರ್ ಎಲ್ಲಿಗೆ ಹೋಗ್ಯಾರ್ರಿ?”

“ಟೈಪ್ ಮಾಡಿಸ್ಕೊಂಡು ಬರ್ತೀನಿ ಅಂತ ಬಾಜೂಕ ಹೋಗ್ಯಾರ” ಅಂದಳು ಆಕೆ.

ಭೀಮೇಶನಿಗೆ ಅರ್ಥವಾಗಲಿಲ್ಲ. ಟೈಪು ಮಾಡಿಸುವುದಕ್ಕೆ ಟೀಚರು ಬೇರೆ ಕಡೆ ಹೋಗುವುದೇ? ಅವನು ಹೊರಗೆ ಬಂದು ಫ್ಲೆಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತ. ಒಳಗೆ ಪುಷ್ಪಲತಾ ಬಡಿಯುತ್ತಿದ್ದಳು. ಪಕ್ಕದಲ್ಲಿ ತಿಪ್ಪೇರುದ್ರಮ್ಮ ಹಾಳೆ ಹಿಡಿದು ಓದಿ ಹೇಳುತ್ತಿದ್ದಳು.

ಪುಷ್ಪಲತಾ ತಲೆ ಎತ್ತಿದಳು. “ಬರ್ರಿ ಸಾರ್, ಬರ್ರಿ. ಅದೇನ್ ಹಾಕಿಕೊಟ್ಟೀರಿ ಅಕ್ಕಗ? ಆ ಡಬ್ಬಿ ಬಂದಾಗಿಂದ ಈಕಿ ದಿನಾ ನನ್ನ ಕಡಿ ಡ್ಯೂಟಿ.”

ತಿಪ್ಪೇರುದ್ರಮ್ಮನ ಮುಖ ಸಣ್ಣಗಾಯಿತು. “ಸುಮ್ಮನಿರ, ನಿನ್ನ ಬಾಯಿ ಒಂದು” ಎಂದು ಹಾಳೆ ಮಡಚಿಕೊಂಡು ಹೊರಬಂದಳು. ತನ್ನ ಅಂಗಡಿಗೆ ಬಂದು ಆ ಹೆಣ್ಣುಮಗಳ ಕೆಲಸ ಮುಗಿಸಿ ಕಳಿಸುವವರೆಗೆ ಭೀಮೇಶನ ಕಡೆ ನೋಡಲಿಲ್ಲ. ಅವನು ಗೋಡೆಗೆ ಆತು ನಿಂತಿದ್ದ.

“ಟೀಚರ್, ನನಗ ಫೋನಿನ್ಯಾಗ ಚಲೋ ಐತಿ ಅಂದ್ರಿ.”

“ಚಲೋನ ಐತಿ. ನನಗ ವಯಸ್ಸಾತು ಅಷ್ಟ. ಚಾ ಕುಡಿತೀಯೇನು?”

“ಚಾ ಆಮ್ಯಾಲೆ. ಒಂದು ಸಾಲು ಬಡೀರಿ, ನೋಡ್ತೀನಿ.”

“ಈಗ ಬ್ಯಾಡ.”

“ಒಂದ ಸಾಲು.”

“ನಿನ್ನ ಮುಂದ ತಪ್ಪು ಬಡದು ತೋರಿಸ್ಲೇನು ನಾನು?” ಆ ಮಾತು ಆಕೆ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಓಣಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ಭೀಮೇಶ ಗೋಡೆಯ ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಆಕೆಯ ಕುರ್ಚಿಯ ಮಗ್ಗುಲಿಗೆ ಹಾಕಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆಕೆಯ ಸಮಕ್ಕೆ ಕೂತ. ಟವೆಲ್ಲು ತೆಗೆದು, ಗುಂಡಿ ಒತ್ತಿ, ಖಾಲಿ ಪುಟ ತೆರೆದಿಟ್ಟ. ಆಮೇಲೆ ಪರದೆಯನ್ನು ಹಿಡಿದು ಆ ಕಡೆಗೆ, ಗೋಡೆಯ ಕಡೆಗೆ ತಿರುಗಿಸಿಬಿಟ್ಟ.

“ನಾ ಅದನ್ನ ನೋಡಂಗಿಲ್ಲ. ನೀವೂ ನೋಡಬ್ಯಾಡ್ರಿ. ಬೀರಪ್ಪಗ ಏನು ಬಡೀಬೇಕಾಗೇತೋ ಅದನ್ನ ಬಡೀರಿ, ನಮಗ ಕಲಿಸಿದಂಗ.”

ಬೀರಪ್ಪನ ವಿಷಯವನ್ನು, ತಾನು ಹೊರಬಂದ ಮೇಲೆ, ಪುಷ್ಪಲತಾ ಇವನಿಗೆ ಹೇಳಿರಬೇಕು. ಅದನ್ನು ಕೇಳುವ ಗೋಜಿಗೆ ಆಕೆ ಹೋಗಲಿಲ್ಲ. ಕುರ್ಚಿಯಲ್ಲಿ ಕೂತಳು. ಬೆರಳುಗಳನ್ನು ಒಂದೆರಡು ಸಲ ಮಡಚಿ ಬಿಚ್ಚಿದಳು. ಕಣ್ಣು ಎದುರಿನ ಓಣಿಯ ಮೇಲಿಟ್ಟು, ನೋಡದೆ, ಹಳೆಯ ರೂಢಿಯಂತೆ ಬಡಿಯತೊಡಗಿದಳು.

ಭೀಮೇಶ ಆಕೆಯ ಕೈಗಳನ್ನೇ ನೋಡುತ್ತಿದ್ದ. ಎಡಗೈಯ ಉಂಗುರಬೆರಳು ಇಳಿಯಿತು, ತೋರುಬೆರಳು ಒತ್ತು ಕೊಟ್ಟಿತು, ಮತ್ತೆ ಅದೇ ಬೆರಳು ಮೇಲೆ ಹೋಯಿತು, ಬಲಗೈ ದೀರ್ಘ ಎಳೆಯಿತು. ಅವನು ಮೆಲ್ಲಗೆ, ಮಗ್ಗಿ ಒಪ್ಪಿಸುವವನಂತೆ, ಹೇಳುತ್ತ ಹೋದ: “ಶ್ರೀ... ಬೀರಲಿಂಗೇಶ್ವರ... ಪ್ರಸನ್ನ...” ಆಕೆಯ ಕೈ ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯಿತು. “ಗುಡೇಕೋಟೆ... ವಾಸಿಗಳಾದ... ಶ್ರೀಮತಿ ಎರ್ರೆಮ್ಮ... ಶ್ರೀ ದೊಡ್ಡಬೀರಪ್ಪ... ಇವರ ದ್ವಿತೀಯ ಪುತ್ರಿ...”

“ನಿನಗ ಹೆಂಗ ಗೊತ್ತಾಗ್ತೈತಿ?” ಎಂದಳು ಆಕೆ ಬಡಿಯುವುದನ್ನು ನಿಲ್ಲಿಸದೆ.

“ನಿಮ್ಮ ಬೆರಳ ನೋಡಿ ಓದಾಕ ಹತ್ತೀನ್ರಿ. ಒಂದೂ ತಪ್ಪಿಲ್ಲ.”

ಆಗ ಅವನು ಪರದೆಯನ್ನು ತಿರುಗಿಸಿದ. ಅದರ ಮೇಲೆ ಏನೇನೋ ಇತ್ತು; ಗುಡಿಸು, ಕೊಂಬು, ಸೊನ್ನೆ, ನಡುನಡುವೆ ಒಂದೊಂದು ಒಂಟಿ ಅಕ್ಷರ. ಭೀಮೇಶ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

“ಟೀಚರ್, ಇದು ನಿಮ್ಮ ಕೈದಲ್ಲ. ನಂದು. ಕನ್ನಡ ಕೀಲಿ ಒಂದ ನಮೂನಿ ಇರಂಗಿಲ್ಲ, ಇದರಾಗ ನಾಕೈದು ನಮೂನಿ ಅದಾವ. ಮ್ಯಾಲಿಂದ ಮೊದಲನೇದು ಯಾವುದಿತ್ತೋ ಅದನ್ನ ಆರಿಸಿದೆ. ಲ್ಯಾಬಿನ್ಯಾಗ ಒಂದು ಕೀಲಿ ಒತ್ತಿ ನೋಡಿದೆ. ಕ ಒತ್ತಿದೆ, ಕ ಬಂತು. ಸರಿ ಐತಿ ಅಂತ ಕಟ್ಟಿಕೊಂಡು ಬಂದೆ.”

“ಕ ಒಂದ ಸರಿ ಇತ್ತು ನೋಡು.”

“ಅದೊಂದ ಎರಡರಾಗೂ ಒಂದ ಕಡೆ ಐತ್ರಿ.”

“ಮತ್ತ ರೂಢಿ ಆಗಬೇಕು ಅಂತ ಹೇಳಿದ್ಯಲ್ಲ?”

“ಅದು ಬಂದ್ ಮಾಡೋ ಗುಂಡಿ ಬ್ಯಾರೆ ಕಡಿ ಐತಲ್ಲ, ಅದಕ್ಕ ಹೇಳಿದ್ದು. ಅಕ್ಷರಕ್ಕಲ್ಲ.” ಅವನು ತಡೆದು ಕೇಳಿದ, “ನೀವರ ಒಂದು ಮಾತು ಯಾಕ ಅನ್ನಲಿಲ್ರಿ? ಲೇ ಭೀಮ್ಯಾ, ಏನ್ ಮಾಡಿಟ್ಟೀಯಲೇ ಅನ್ನಬೇಕಾಗಿತ್ತು.”

“ನೀನರ ಅವತ್ತ ಕುಂತು ಒಂದು ಸಾಲು ಬಡಿಸಿ ನೋಡಬೇಕಾಗಿತ್ತು.”

“ನಿಮ್ಮ ಮುಂದ ಕುಂದ್ರೂದು ಹೆಂಗ್ರಿ?”

“ಈಗ ಕುಂತೀಯಲ್ಲ.”

ಇಬ್ಬರಿಗೂ ನಗು ಬಂತು. ಯಾರು ಮೊದಲು ನಕ್ಕರೆಂದು ಹೇಳುವುದು ಕಷ್ಟ. ಭೀಮೇಶ ಸೆಟ್ಟಿಂಗಿಗೆ ಹೋಗಿ, ಕೀಲಿಮಣೆಯ ಸಾಲುಗಳನ್ನು ತೆರೆದು, ಬೆರಳಿಟ್ಟು ತೋರಿಸಿದ. ಮೊದಲನೆಯದರ ಕೆಳಗೆ, ಎರಡು ಮೂರು ಸಾಲು ಬಿಟ್ಟು, ‘ಕಗಪ’ ಎಂದಿತ್ತು. ಆಕೆ ಇಷ್ಟು ಕಾಲ ಬಡಿದದ್ದು ಅದನ್ನೇ. ನೂರಾರು ಹುಡುಗ ಹುಡುಗಿಯರಿಗೆ ಕಲಿಸಿದ್ದು ಅದನ್ನೇ. ಅಲ್ಲೇ ಇತ್ತು, ಯಾರಾದರೂ ಬಂದು ಮುಟ್ಟಲಿ ಎಂದು ಕಾದು ಕೂತಂತೆ. ಭೀಮೇಶ ಅದನ್ನು ಆರಿಸಿ, ಸ್ಟೂಲಿನ ಮೇಲೆ ಹಿಂದಕ್ಕೆ ಸರಿದ.

“ಬಡೀರಿ.”

ಆಕೆ ಬಡಿದಳು. ಶ್ರೀ ಬಂತು.

ತಿಪ್ಪೇರುದ್ರಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಹಾಕಿಕೊಂಡು, ಆ ಒಂದು ಅಕ್ಷರವನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಮನಸ್ಸಿಗೆ ಬಂದದ್ದನ್ನೆಲ್ಲ ಬಡಿಯತೊಡಗಿದಳು: ಕೊಟ್ಟೂರು, ಕೂಡ್ಲಿಗಿ, ಹಡಗಲಿ, ತಹಶೀಲ್ದಾರರಿಗೆ, ಮಾನ್ಯರೇ, ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ. ಗೆಣ್ಣುಗಳು ಸ್ವಲ್ಪ ನೋಯುತ್ತಿದ್ದವು. ಆದರೆ ಅದು ಬರೀ ನೋವಾಗಿತ್ತು, ಬೇರೇನೂ ಆಗಿರಲಿಲ್ಲ. ಎದೆಯ ಮೇಲಿನಿಂದ ಜೋಳದ ಚೀಲ ಇಳಿಸಿದಂತೆ ಆಕೆ ಉಸಿರು ಬಿಟ್ಟಳು.

“ಇನ್ನೂ ಒಂದೈತಿ” ಎಂದಳು ಸ್ವಲ್ಪ ಹೊತ್ತಿನ ಮೇಲೆ. ಈಗ ಆಕೆಗೆ ಹೇಳುವುದಕ್ಕೆ ಸಂಕೋಚವಾಗಲಿಲ್ಲ. “ಹಳೇ ಪತ್ರಿಕಿ ಒಂದೂ ಓದಾಕ ಬರವಲ್ದು. ಎಲ್ಲಾ ಟೋಪಿ ಹಾಕ್ಕೊಂಡು ನಿಂತಾವ.”

ಭೀಮೇಶ ಒಂದು ಕಡತ ತೆರೆದು ನೋಡಿ ತಲೆ ಚಚ್ಚಿಕೊಂಡ. ಹಳೆಯ ಬರಹಕ್ಕೆ ಹಳೆಯ ಅಚ್ಚಿನ ಅಕ್ಷರವೇ, ಅಂದರೆ ಆಗಿನ ಫಾಂಟೇ ಬೇಕು; ಅದನ್ನು ಹೊಸ ವ್ಯವಸ್ಥೆಗೆ ಹಾಕುವುದನ್ನು ಮರೆತಿದ್ದ. ಮರೆತಿದ್ದ ಅನ್ನುವುದಕ್ಕಿಂತ, ಹಳೆಯ ಕಡತಗಳನ್ನು ಟೀಚರು ದಿನವೂ ತೆರೆಯುತ್ತಾರೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಉಳಿಸಿಡುವುದು ಎಂದರೆ ಒಂದು ಮೂಲೆಯಲ್ಲಿ ಇಡುವುದು ಎಂದುಕೊಂಡಿದ್ದ.

“ಹಳೇ ಮದುವಿ ಪತ್ರಿಕಿ ಯಾರರ ಮತ್ತ ತಗೀತಾರೇನ್ರಿ?”

“ದಿನಾ ತಗೀತೀನಲೇ. ನನ್ನ ಕಸುಬ ಅದು. ಹೊಸಾದು ಯಾರು ಮಾಡಿಸ್ತಾರ ಇಲ್ಲೆ? ಎಲ್ಲಾರದೂ ಹೋದಸಲದ್ದರಂಗ ಆಗಬೇಕು.”

ಅಕ್ಷರ ಹಾಕುವುದಕ್ಕೆ ಹೊತ್ತು ಹಿಡಿಯಿತು. ಆ ಹಳೆಯ ಅಚ್ಚು ಕಾಲೇಜಿನ ಲ್ಯಾಬಿನಲ್ಲಿತ್ತು. ಭೀಮೇಶ ಅಲ್ಲಿದ್ದವರಿಗೆ ಫೋನು ಮಾಡಿ, ಅವರಿಂದ ಮೊಬೈಲಿಗೆ ತರಿಸಿಕೊಂಡು, ಅಲ್ಲಿಂದ ಪೆಟ್ಟಿಗೆಗೆ ಇಳಿಸಿದ. ನಡುವೆ ಕರೆಂಟು ಹೋಯಿತು, ಬಂತು. ಪುಷ್ಪಲತಾ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದಳು. ಮೂರನೆಯ ಸಲ ಮೂರು ಗ್ಲಾಸು ಚಹಾ ಹಿಡಿದುಕೊಂಡು ಬಂದಳು.

“ಏನಾತು, ನನ್ನ ಸ್ಟೂಡೆಂಟ್ ಪಾಸಾದ್ಲೋ ಇಲ್ಲೋ?”

“ಟೀಸಿ ಕೊಡು, ಹೋಗ್ತೀನಿ” ಎಂದಳು ತಿಪ್ಪೇರುದ್ರಮ್ಮ.

“ಮತ್ತ ಆ ಗ್ವಾಡಿ?”

“ಗ್ವಾಡಿ ಗಟ್ಟಿ ಐತಿ ನೋಡು. ನಿನ್ನ ಫ್ಲೆಕ್ಸ್ ಮಿಷನ್ ಸಪ್ಪಳ ತಡೀಲಿಕ್ಕೆ ಬೇಕದು.”

ಪುಷ್ಪಲತಾ ಮುಖ ತಿರುವಿದಂತೆ ಮಾಡಿದಳು. ಆದರೆ ಚಹಾ ಮುಗಿಯುವವರೆಗೆ ಅಲ್ಲೇ ನಿಂತಳು. ಭೀಮೇಶ ಕಡತ ತೆರೆದಾಗ ಮೂವರೂ ಬಗ್ಗಿ ನೋಡಿದರು. ಟೋಪಿಗಳೆಲ್ಲ ಹೋಗಿದ್ದವು. ಮೇಲೆ ನಡುವೆ ಶ್ರೀ ಬೀರಲಿಂಗೇಶ್ವರ ಪ್ರಸನ್ನ, ಎಡಕ್ಕೆ ಮೈಲಾರಲಿಂಗೇಶ್ವರ, ಬಲಕ್ಕೆ ಗುರು ಕೊಟ್ಟೂರೇಶ್ವರ. ಕೆಳಗೆ ಅಣ್ಣತಮ್ಮಂದಿರು, ಬೀಗರು, ಸೋದರಮಾವಂದಿರು, ತಮ್ಮ ತಮ್ಮ ಜಾಗದಲ್ಲಿ, ಯಾರೂ ಅಲುಗಾಡದೆ ನಿಂತಿದ್ದರು.

ಗುರುವಾರ ದೊಡ್ಡಬೀರಪ್ಪ ಒಬ್ಬನೇ ಬರಲಿಲ್ಲ. ಅವನ ಹಿರಿಯಕ್ಕ ಕರಿಯಕ್ಕನೂ ಬಂದಿದ್ದಳು. ಆಕೆಗೆ ಓದು ಬರುವುದಿಲ್ಲ. ಆದರೆ ಮನೆತನದ ಹೆಸರುಗಳ ಸರದಿಯಲ್ಲಿ ಆಕೆ ಹೇಳಿದ್ದೇ ಕೊನೆ. ಬೀರಪ್ಪ ಪ್ರಿಂಟಿನ ಮೇಲೆ ಬೆರಳಿಟ್ಟು ಓದುತ್ತ ಹೋದ. ಕರಿಯಕ್ಕ ಕಣ್ಣು ಮುಚ್ಚಿ ಕೇಳುತ್ತ ಹೋದಳು. ಒಂದು ಕಡೆ ಕಣ್ಣು ತೆರೆದಳು.

“ದೊಡ್ಡಾಕಿ ಗಂಡ ಎಲ್ಲದಾನ?”

“ಅವನ ಹೆಸರು ಅದರಾಗ ಇರಾಕ ಹೆಂಗ ಸಾಧ್ಯ ಯಕ್ಕ? ಆಗ ಅವ ಮದುಮಗ” ಅಂದ ಬೀರಪ್ಪ.

“ಈಗ ಮನಿ ಅಳಿಯ. ಹಾಕಬೇಕು. ಸೋದರಮಾವಂದಿರ ಮ್ಯಾಲೆ ಹಾಕು.”

“ಮ್ಯಾಲೆ ಹಾಕಿದ್ರ ಅವರು ಊಟಕ್ಕ ಕುಂದ್ರಂಗಿಲ್ಲ.”

“ಕೆಳಗ ಹಾಕಿದ್ರ ಇವ ಚಪ್ಪರಕ್ಕ ಬರಂಗಿಲ್ಲ.”

ಅಕ್ಕ ತಮ್ಮನ ವಾದ ಬೆಳೆಯಿತು. ತಿಪ್ಪೇರುದ್ರಮ್ಮ ಇಬ್ಬರ ಮುಖವನ್ನೂ ನೋಡುತ್ತ, ಒಬ್ಬರಿಗೆ ಹುಂ, ಇನ್ನೊಬ್ಬರಿಗೆ ಹೌದಲ್ಲ ಎನ್ನುತ್ತ, ಕೈಯಿಂದ ತನ್ನಷ್ಟಕ್ಕೆ ಬಡಿಯುತ್ತಿದ್ದಳು. ಮಾತು ಒಂದು ನಿಲುಗಡೆಗೆ ಬರುವ ಹೊತ್ತಿಗೆ ಪ್ರಿಂಟರಿನಿಂದ ಹಾಳೆ ಹೊರಗೆ ಬಂತು. ಅದರಲ್ಲಿ ಅಳಿಯನ ಹೆಸರು ಮೇಲೂ ಅಲ್ಲ, ಕೆಳಗೂ ಅಲ್ಲ. ‘ಮದುವೆಗೆ ಕರೆಯುವವರು’ ಎಂದು ಬಲಗಡೆ ಒಂದು ಹೊಸ ಚೌಕ, ಅದರೊಳಗೆ ಹೆಂಡತಿಯ ಹೆಸರಿನ ಜೊತೆಗೆ ಅವನೊಬ್ಬನೇ ದೊಡ್ಡಕ್ಷರದಲ್ಲಿ ಕೂತಿದ್ದ.

ಬೀರಪ್ಪ ಓದಿ ಹೇಳಿದ. ಕರಿಯಕ್ಕ ತಲೆಯಾಡಿಸಿದಳು. “ಹುಂ. ಹಿಂಗಾದ್ರ ಯಾರೂ ಮಾತಾಡಂಗಿಲ್ಲ” ಎಂದಳು. “ಎಷ್ಟು ಲಗೂನ ಮಾಡಿದಿ ಬೇ.”

ಅವರು ಹಾಳೆಯನ್ನು ಮಡಚದೆ, ಎರಡು ರಟ್ಟಿನ ನಡುವೆ ಇಟ್ಟುಕೊಂಡು ಪ್ರೆಸ್ಸಿನ ಕಡೆ ಹೋದರು. ತಿಪ್ಪೇರುದ್ರಮ್ಮ ಅವರು ಓಣಿಯ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಹಸಿದಿದೆ ಎಂಬುದು ಆಗ ಗೊತ್ತಾಯಿತು. ಎಷ್ಟೋ ದಿನದ ಮೇಲೆ ಚೆನ್ನಾಗಿ ಹಸಿದಿತ್ತು. ಊಟಕ್ಕೆ ಹೊರಡಬೇಕು ಅನ್ನುವಷ್ಟರಲ್ಲಿ ಭೀಮೇಶನ ಫೋನು ಬಂತು.

“ಹೆಂಗಾತ್ರಿ ಟೀಚರ್?”

“ಪತ್ರಿಕಿ ಆತು. ಪ್ರೆಸ್ಸಿಗೆ ಹೋತು.”

“ಅಬ್ಬಾ. ಹಂಗಾರ ಎಲ್ಲಾ ಚಲೋ ಐತಿ.”

“ಏನ್ ಚಲೋ ಐತಿ? ಪ್ರಿಂಟ್ ತಗದ್ರ ಒಂದು ಬೆರಳಷ್ಟು ಕೆಳಗ ಬೀಳತೈತಿ, ನೋಡೀಯೇನು? ತಾರೀಕು ಇಂಗ್ಲಿಷಿನ್ಯಾಗ ಬರತೈತಿ. ಪೆನ್‌ಡ್ರೈವ್ ಚುಚ್ಚಿದ್ರ ಎಲ್ಲಿಗೆ ಹೋಗತೈತೋ ತಿಳೀವಲ್ದು, ಹುಡುಕಬೇಕಾಗತೈತಿ. ಮತ್ತ ಆ ಪರದಿ ಮ್ಯಾಲಿನ ಚಿತ್ರ, ಸಮುದ್ರದ್ದು, ಅದನ್ನ ಯಾಕ ಇಟ್ಟೀಯಪ್ಪ, ಅದರ ಮ್ಯಾಲೆ ಒಂದು ಹೆಸರೂ ಕಾಣಂಗಿಲ್ಲ.”

ಆ ಕಡೆಯಿಂದ ಭೀಮೇಶ ಮೆಲ್ಲಗೆ ನಗುವುದು ಕೇಳಿಸಿತು.

“ಯಾಕ ನಗ್ತಿ?”

“ಏನಿಲ್ರಿ. ಹಡಗಲಿಯೊಳಗ ಇಬ್ಬರು ಟೈಪಿಂಗ್ ಅಂಗಡಿಯವರು ಕೇಳ್ಯಾರ, ನಮಗೂ ಹಾಕಿಕೊಡ್ರಿ ಅಂತ. ಪೆಟ್ಟಿಗಿ ಹೊತ್ಕೊಂಡು ಹೋಗಂಗಿಲ್ಲ, ಮೊದಲು ಅಲ್ಲಿಗೆ ಬಂದು ಒಂದು ದಿನ ನಿಮ್ಮ ಬಾಜೂಕ ಕುಂದ್ರತೀನಿ ಅಂತ ಅವರಿಗೆ ಹೇಳೀನಿ. ನಿಲ್ರಿ, ಪೆನ್ನು ತಗೊಂತೀನಿ. ಪ್ರಿಂಟ್ ಕೆಳಗ ಬೀಳತೈತಿ, ತಾರೀಕು...”

“ಬರಕೋ, ಬರಕೋ” ಎಂದು ತಿಪ್ಪೇರುದ್ರಮ್ಮ ಫೋನನ್ನು ಇನ್ನೊಂದು ಕಿವಿಗೆ ಹಿಡಿದು, ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತಳು. “ಇನ್ನೂ ಅದಾವ.”